ವಸ್ತಿ ಇದ್ದು ಬರುವುದು

ರಾಯಚೂರಿನ ಬಸ್ಸುನಿಲ್ದಾಣದಲ್ಲಿ ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಒಂದು ಗಳಿಗೆ ನಿಂತು ಕಿವಿಗೊಟ್ಟವರಿಗೆ ‘ವಸ್ತಿ ಗಾಡಿ ಬಂತೇನ್ರೀ?’ ಎಂಬ ಪ್ರಶ್ನೆ ಕೇಳಿಬರದೆ ಇರದು. ದಿನದ ಕೊನೆಯ ಪಾಳಿಯಲ್ಲಿ ಪಟ್ಟಣವನ್ನು ಬಿಟ್ಟು, ದೇವದುರ್ಗದ ಕಡೆಯದೋ ಮಾನವಿಯ ಕಡೆಯದೋ ಒಂದು ಹಳ್ಳಿಯನ್ನು ಸೇರಿ, ಅಲ್ಲಿಯ ಹನುಮಪ್ಪನ ಗುಡಿಯ ಮುಂದೆ ಇರುಳೆಲ್ಲ ನಿಂತಿದ್ದು, ಕೋಳಿ ಕೂಗುವ ಹೊತ್ತಿಗೆ ಮತ್ತೆ ಪಟ್ಟಣಕ್ಕೆ ಮುಖ ಮಾಡುವ ಬಸ್ಸಿಗೆ ನಮ್ಮ ಸೀಮೆಯ ಜನ ಇಟ್ಟುಕೊಂಡಿರುವ ಹೆಸರು ಅದು. ಸಂಸ್ಕೃತದ ‘ವಸತಿ’ಯೇ ನಮ್ಮವರ ನಾಲಗೆಯ ಮೇಲೆ ‘ವಸ್ತಿ’ಯಾಗಿದೆ, ಆದರೆ ರೂಪದೊಡನೆ ಅದರ ಅರ್ಥವೂ ಸ್ವಲ್ಪ ಸರಿದಿದೆ. ವಸತಿಯೆಂದರೆ ನೆಲೆ, ಮನೆ. ವಸ್ತಿಯೆಂದರೆ ಒಂದಿರುಳಿನ ತಂಗು. ‘ಮಾನವಿಗೆ ಹೋಗಿದ್ದೆ’ ಎಂದರೆ ಕಚೇರಿಯ ಕೆಲಸವಿದ್ದೀತು. ‘ಮಾನವಿಯಲ್ಲಿ ವಸ್ತಿ ಇದ್ದು ಬಂದೆ’ ಎಂದರೆ, ಆ ಊರಿನ ನೀರು ಕುಡಿದು, ಆ ಊರಿನವರ ಪಂಕ್ತಿಯಲ್ಲಿ ಉಂಡು, ಆ ಊರಿನ ಕತ್ತಲೆಯನ್ನೂ ಬೆಳಗನ್ನೂ ಕಂಡು ಬಂದೆನೆಂದು ಅರ್ಥ.

ಪಟ್ಟಣದ ಗದ್ದಲದಿಂದ ಒಂದು ದಿನದ ಮಟ್ಟಿಗೆ, ಒಂದಿರುಳಿನ ಮಟ್ಟಿಗೆ ಹೊರಗೆ ಹೋಗಿಬರುವ ರೂಢಿಯನ್ನು ಈಚಿನ ಕಾಲದ ವಿಲಾಸವೆಂದು ಭಾವಿಸುವವರುಂಟು. ದಣಿದ ಮನಸ್ಸು ಗೋಡೆಗಳ ನಡುವಿನಿಂದ ತಪ್ಪಿಸಿಕೊಂಡು ಹೋಗುವ ಪಲಾಯನವೆಂದು ಅದನ್ನು ಬಣ್ಣಿಸುವವರೂ ಉಂಟು. ರಾಯಚೂರಿನ ಹಳೆಯ ದಾರಿಗಳ ಚರಿತ್ರೆಯನ್ನು ಬಲ್ಲವರಿಗೆ ಈ ಎರಡು ಮಾತುಗಳೂ ಸಮ್ಮತವಾಗಲಾರವು. ಇಲ್ಲಿಯ ಜನ ಹೊರಗೆ ಹೋದುದು ಊರಿನಿಂದ ಬಿಡಿಸಿಕೊಳ್ಳುವುದಕ್ಕಲ್ಲ. ಊರಿಗೆ ಅನ್ನವನ್ನಿತ್ತ ಹೊಲ, ನೀರನ್ನಿತ್ತ ಹೊಳೆ, ಮಾತನ್ನಿತ್ತ ದಾಸರು, ಈ ಮೂವರ ಋಣವನ್ನು ವರ್ಷಕ್ಕೊಮ್ಮೆಯಾದರೂ ಅವರವರ ಮನೆಯಂಗಳಕ್ಕೇ ಹೋಗಿ ಒಪ್ಪಿಕೊಂಡು ಬರುವುದಕ್ಕೆ.

ಊರಿನ ಇರವನ್ನು ಮೊದಲು ನೆನೆಯಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಎಡೆದೊರೆ ನಾಡಿನಲ್ಲಿ, ಎರಡು ಹೊಳೆಗಳಿಗೂ ಹತ್ತಿರವಿದ್ದು ಎರಡರ ದಡದಲ್ಲಿಯೂ ಇಲ್ಲದ ಪಟ್ಟಣ ರಾಯಚೂರು. ಬೆಟ್ಟದ ಬಂಡೆಗಳಿಗೆ ಒರಗಿಕೊಂಡು ಬೆಳೆದ ಈ ಊರಿನಲ್ಲಿ ವೈಶಾಖದ ಬಿಸಿಲಿಗೆ ಹಗಲೆಲ್ಲ ಕಾಯ್ದ ಕಲ್ಲು ಇರುಳೆಲ್ಲ ಬಿಸಿಯುಸಿರನ್ನು ಬಿಡುತ್ತದೆ. ಮಾಳಿಗೆಯ ಮೇಲೆ ನೀರು ಚೆಲ್ಲಿ ಹಾಸಿಗೆ ಹಾಸಿದರೂ ನಡುರಾತ್ರಿಯವರೆಗೆ ನಿದ್ದೆ ಹತ್ತಿರ ಸುಳಿಯದು. ಮಾವಿನಕೆರೆ, ಖಾಸಬಾವಿಗಳ ನೀರನ್ನು ನಂಬಿ ಬಾಳಿದ ಊರಿಗೆ ಹೊಳೆಯೆಂಬುದು ಬಂಡಿ ಕಟ್ಟಿಕೊಂಡು ಹೋಗಿ ನೋಡಿ ಬರಬೇಕಾದ ಭಾಗ್ಯವಾಗಿದ್ದಿತು.

1294ರಲ್ಲಿ ಕಾಕತೀಯರ ಆಳಿಕೆಯಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಾಲ್ವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದು ಅಖಂಡ ಶಿಲೆಯಿದೆ. ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಶಾಸನವನ್ನು ಓದಬಲ್ಲವರು ಕೆಲವರೇ. ಆದರೆ ಅದರ ಬಳಿಯಲ್ಲಿ ಬಿಡಿಸಿರುವ ರೇಖಾಚಿತ್ರವನ್ನು ನೋಡಿ ತಿಳಿಯುವುದಕ್ಕೆ ಅಕ್ಷರ ಬೇಕಿಲ್ಲ. ಆ ಮಹಾಶಿಲೆಯನ್ನೇ ಬಂಡಿಯ ಮೇಲೆ ಏರಿಸಿ, ಮುಂದೆ ಪಶುಗಳನ್ನು ಜೋಡಿ ಜೋಡಿಯಾಗಿ ಉದ್ದನೆಯ ಸಾಲಿನಲ್ಲಿ ಹೂಡಿ, ಆಳುಗಳು ಹುರಿದುಂಬಿಸುತ್ತ, ಗಾಲಿಗಳಿಗೆ ಸನ್ನೆಗೋಲು ಕೊಡುತ್ತ ಕೋಟೆಯ ಕಡೆಗೆ ಎಳೆದು ತರುತ್ತಿರುವ ನೋಟ ಅಲ್ಲಿದೆ. ಏಳುನೂರು ವರ್ಷಗಳ ಹಿಂದಿನ ರಾಯಚೂರಿನ ರಸ್ತೆ ಹೇಗಿದ್ದಿತೆಂದು ನಮ್ಮ ಕಣ್ಣಿಗೆ ಕಾಣಿಸುವ ಚಿತ್ರವಿದು; ಕಾರಹುಣ್ಣಿಮೆಯ ದಿನಗಳಲ್ಲಿ ಈ ಊರಿನ ಬಯಲಿನಲ್ಲಿ ಟನ್ನುಗಟ್ಟಲೆ ಭಾರದ ಕಲ್ಲನ್ನು ಎತ್ತುಗಳಿಂದ ಎಳೆಯಿಸುವ ಸ್ಪರ್ಧೆಯನ್ನು ನಿಂತು ನೋಡುವಾಗಲೆಲ್ಲ ಆ ಗೋಡೆಯ ಚಿತ್ರವೇ ಎದ್ದು ನಡೆದು ಬಂದಂತೆ ನನಗೆ ಭಾಸವಾಗುತ್ತದೆ.

ಆ ರಸ್ತೆಗಳು ಬಹುಕಾಲ ಸೈನ್ಯಗಳ ರಸ್ತೆಗಳಾಗಿದ್ದವು. ಬಹಮನಿಗಳೂ ವಿಜಯನಗರದ ಅರಸರೂ, ಅವರ ಬಳಿಕ ಬಿಜಾಪುರದ ಆದಿಲಶಾಹಿಗಳೂ ಈ ಎಡೆದೊರೆ ನಾಡಿಗಾಗಿ ಕಾದಿದರು; 1520ರ ಮೇ ತಿಂಗಳಿನಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿದುದು ಈ ಕೋಟೆಯ ಸಲುವಾಗಿಯೇ. ಹದಿನಾರನೆಯ ಶತಮಾನದ ನಡುಗಾಲದಲ್ಲಿ ಆದಿಲಶಾಹಿಗಳು ಎಬ್ಬಿಸಿದ ಹೊರಗೋಡೆಗೆ ನೌರಂಗಿ ದರವಾಜ, ಕಾಟಿ ದರವಾಜ, ಮೆಕ್ಕಾ ದರವಾಜಗಳಿದ್ದವು. ಇಂಥ ಊರಿನಲ್ಲಿ ಕತ್ತಲಾದ ಮೇಲೆ ಅಗಳಿ ಬಿದ್ದ ಬಾಗಿಲು ಬೆಳಗಾಗದೆ ತೆರೆಯುವಂತಿರಲಿಲ್ಲವಾದುದರಿಂದ, ಹೊರಗೆ ಹೋದವನು ಹೊತ್ತು ಮುಳುಗುವುದರೊಳಗೆ ಮರಳಬೇಕು, ಇಲ್ಲವೆ ಹೋದಲ್ಲಿಯೇ ಇರುಳನ್ನು ಕಳೆಯಬೇಕು. ಒಂದು ಹಗಲು ಅಥವಾ ಒಂದಿರುಳು ಎಂಬ ಲೆಕ್ಕವನ್ನು ಮೊದಲು ಗೊತ್ತು ಮಾಡಿದುವು ಕೋಟೆಯ ಬಾಗಿಲು ಮತ್ತು ಎತ್ತಿನ ಕಾಲು. ಗಂಟೆಗೆ ಎರಡು ಮೈಲಿಯಂತೆ ನಡೆಯುವ ಎತ್ತು ಒಂದು ಹಗಲಿನಲ್ಲಿ ಹೋಗಿಬರಬಲ್ಲ ಎಡೆಗಳು ಬೇರೆ, ಮುಟ್ಟಿ ಕೊರಳು ಬಿಚ್ಚಿಸಿಕೊಳ್ಳಬೇಕಾದ ಎಡೆಗಳು ಬೇರೆ.

ಹಗಲಿನ ಪಯಣಗಳಲ್ಲೆಲ್ಲ ಹಿರಿದು ಎಳ್ಳಮಾವಾಸ್ಯೆಯದು. ಹಿಂಗಾರಿನ ಬಿಳಿಜೋಳ ಯರಿಹೊಲದಲ್ಲಿ ಆಳೆತ್ತರಕ್ಕೆ ಬಂದು, ಕಡಲೆ ಹಸಿರುಗಾಯಿ ಹಿಡಿದು, ಕುಸುಬೆ ಮುಳ್ಳೊಡೆಯುವ ಮಾರ್ಗಶಿರದ ಕೊನೆಯ ದಿನ ಭೂತಾಯಿ ಬಸುರಿ. ಬಸುರಿಗೆ ಬಯಕೆಯ ಊಟವನ್ನು ಅವಳಿರುವಲ್ಲಿಗೇ ಒಯ್ಯಬೇಕು. ಇದಕ್ಕಾಗಿ ನಾಲ್ಕು ದಿನ ಮುಂಚಿನಿಂದಲೇ ಪೇಟೆಯ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಸಜ್ಜೆಯ ಕಡಕು ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಬುತ್ತಿಯ ಗಡಿಗೆಯಲ್ಲಿ ಮೊಸರನ್ನ. ಇಷ್ಟನ್ನೂ ಹೊತ್ತು, ಕೋಡಿಗೆ ಬಣ್ಣ ಬಳಿಸಿಕೊಂಡ ಎತ್ತುಗಳ ಬಂಡಿಯಲ್ಲಿ ಸಂಸಾರವೆಲ್ಲ ಹೊಲಕ್ಕೆ ಹೋಗುವುದು. ಹೊಲದ ನಡುವೆ ಐದು ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಬಳಿಕ ಮನೆಯ ಹಿರಿಯನು ಆ ಅನ್ನವನ್ನು ಬುಟ್ಟಿಯಲ್ಲಿ ತುಂಬಿಕೊಂಡು ನಾಲ್ಕು ದಿಕ್ಕಿಗೂ ಕೂಗಿ ಕರೆಯುತ್ತ ಬೆಳೆಯ ಮೇಲೆ ಚೆಲ್ಲುತ್ತ ಹೋಗುತ್ತಾನೆ. ಚರಗ ಚೆಲ್ಲುವುದೆಂದರೆ ಇದೇ. ಬೆಳೆ ಇನ್ನೂ ಕೈಗೆ ಬಂದಿಲ್ಲ. ಬರುತ್ತದೆಂಬ ಭರವಸೆಯೂ ಇಲ್ಲ. ಆದರೂ ಬೆಳೆದ ಅನ್ನವನ್ನು ಬೆಳೆಯುವ ಮಣ್ಣಿಗೆ ಮೊದಲು ಉಣಿಸಿ, ಆಮೇಲೆ ತಾವು ಉಣ್ಣುವರು.

ಈ ಹಬ್ಬದಲ್ಲಿ ನನ್ನ ಮನಸ್ಸನ್ನು ಹಿಡಿದಿರುವ ಸಂಗತಿಯೆಂದರೆ, ಹೊಲವಿಲ್ಲದವನಿಗೂ ಅಂದು ಹೊಲ ಉಂಟೆಂಬುದು. ಪೇಟೆಯ ಅಂಗಡಿಕಾರ, ಕಚೇರಿಯ ಗುಮಾಸ್ತ, ಶಾಲೆಯ ಪಂತೋಜಿ, ಎಲ್ಲರನ್ನೂ ಪರಿಚಯದ ಒಬ್ಬ ಒಕ್ಕಲಿಗನಾದರೂ ಕರೆದೇ ಕರೆಯುವನು; ಕರೆಯದೆ ಉಂಡರೆ ಆ ಹೊಲಕ್ಕೆ ಏಳಿಗೆಯಿಲ್ಲವೆಂಬುದು ನಂಬುಗೆ. ಮನೆಯ ಹೊಸ್ತಿಲು, ಬಾವಿಯ ಕಟ್ಟೆ, ತವರಿನ ದಾರಿ, ಇಷ್ಟರಲ್ಲಿಯೇ ವರ್ಷವನ್ನು ಸವೆಸುತ್ತಿದ್ದ ಹೆಂಗಸರಿಗಂತೂ ಆಕಾಶದ ಕೆಳಗೆ ಕುಳಿತು ಹೊಟ್ಟೆ ತುಂಬ ಉಂಡು, ಜೋಳದ ಸಾಲುಗಳ ನಡುವೆ ಹಾಡಿಕೊಂಡು ತಿರುಗುವ ಸ್ವಾತಂತ್ರ್ಯ ದೊರೆಯುತ್ತಿದ್ದುದು ಆ ಒಂದು ದಿನ.

ಹೊಲದ ಬಳಿಕ ಹೊಳೆ. ಉತ್ತರದ ದಾರಿಯಲ್ಲಿ ದೇವಸೂಗೂರಿನ ಸೂಗೂರೇಶ್ವರ; ಅಮಾವಾಸ್ಯೆಗೊಮ್ಮೆ ಅಲ್ಲಿಗೆ ನಡೆದುಕೊಳ್ಳುವ ಮನೆತನಗಳು ರಾಯಚೂರಿನಲ್ಲಿ ಇಂದಿಗೂ ಇವೆ. ಅಲ್ಲಿಂದ ಕೆಳಗೆ ಕೃಷ್ಣೆ ಕವಲೊಡೆದು ನಡುಗಡ್ಡೆಗಳನ್ನು ಅಪ್ಪಿಕೊಂಡು ಹರಿಯುತ್ತಾಳೆ. ನಾರದಗಡ್ಡೆ ಅವುಗಳಲ್ಲಿ ಒಂದು. ದತ್ತಾತ್ರೇಯನ ಅವತಾರವೆಂದು ನಂಬಲಾದ ಶ್ರೀಪಾದ ಶ್ರೀವಲ್ಲಭರು ತಪಗೈದ ಕುರುವಾಪುರ, ನಮ್ಮವರ ಮಾತಿನ ಕುರುವಗಡ್ಡೆ, ಮತ್ತೊಂದು. ಇವುಗಳನ್ನು ಮುಟ್ಟುವುದಕ್ಕೆ ಹರಿಗೋಲೇ ಗತಿ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಗ ಡಾಂಬರು ಬಳಿದ ತಾಡಪತ್ರಿಯನ್ನೂ ಹೊದಿಸಿ ಮಾಡಿದ ಈ ದುಂಡನೆಯ ದೋಣಿಗೆ ಮುಂದು ಹಿಂದೆಂಬುದಿಲ್ಲ. ಅಂಬಿಗನು ಅದನ್ನು ಮೊದಲು ದಡದ ಗುಂಟ ಮೇಲ್ದಿಕ್ಕಿಗೆ ಬಹುದೂರ ಎಳೆದುಕೊಂಡು ಹೋಗುತ್ತಾನೆ. ಆಮೇಲೆ ಜನರನ್ನು ಸುತ್ತ ಅಂಚಿನಲ್ಲಿಯೂ ಬುತ್ತಿ ಗಂಟುಗಳನ್ನು ನಡುವೆಯೂ ಕೂರಿಸಿ, ಹುಟ್ಟನ್ನು ಬಲಕ್ಕೆ ಎರಡು ಬಾರಿ ಎಡಕ್ಕೆ ಒಂದು ಬಾರಿ ಹಾಕುತ್ತ, ಸೆಳವಿಗೆ ಅರ್ಧ ಒಪ್ಪಿ ಅರ್ಧ ಒಪ್ಪದೆ, ತಿರುಗುತ್ತ ತಿರುಗುತ್ತ ಓರೆಯಾಗಿ ಬಂದು ಗಡ್ಡೆಯ ಬಂಡೆಗೆ ತಾಗಿಸುತ್ತಾನೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡವಿನಲ್ಲಿ ಇಂಥವೇ ಬುಟ್ಟಿದೋಣಿಗಳನ್ನು ಕಂಡು, ಒಳಗೆ ಬೆತ್ತ ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುವುವು, ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುವುವು ಎಂದು ಬರೆದಿಟ್ಟಿದ್ದಾನೆ. ಐದುನೂರು ವರ್ಷಗಳಲ್ಲಿ ಬದಲಾದುದು ಹೊದಿಕೆ ಮಾತ್ರ. ಕಡವು ತಪ್ಪಿದರೆ ಗಡ್ಡೆಯಲ್ಲಿಯೇ ವಸ್ತಿ. ಸುತ್ತಲೂ ನೀರಿನ ಮೊರೆತ, ತಲೆಯ ಮೇಲೆ ನಕ್ಷತ್ರ, ಪಟ್ಟಣದ ಕಲ್ಲು ಬಿಡುವ ಬಿಸಿಯುಸಿರಿನ ನೆನಪೂ ಅಲ್ಲಿಗೆ ಬರುವುದಿಲ್ಲ.

ದಕ್ಷಿಣದ ಹೊಳೆಯ ಕಥೆ ಬೇರೆ. ತುಂಗಭದ್ರೆಯ ಈಚೆಯ ದಡದಲ್ಲಿ ಅಪ್ಪಣಾಚಾರ್ಯರ ಬಿಚ್ಚಾಲಿ, ಅದೇ ಸೀಮೆಯಲ್ಲಿ ಗಾಣಧಾಳದ ಪಂಚಮುಖಿ ಪ್ರಾಣದೇವರು, ಆಚೆಯ ದಡದಲ್ಲಿ 1671ರಲ್ಲಿ ರಾಘವೇಂದ್ರತೀರ್ಥರು ವೃಂದಾವನಸ್ಥರಾದ ಮಂತ್ರಾಲಯ. ಗುರುವಾರದ ದರ್ಶನಕ್ಕೆ ಬುಧವಾರವೇ ಹೊರಟು ಬಿಚ್ಚಾಲಿಯಲ್ಲಿ ತಂಗಿ, ಹೊಳೆಯಲ್ಲಿ ಮಿಂದು, ಅಪ್ಪಣಾಚಾರ್ಯರು ರಚಿಸಿದ ರಾಘವೇಂದ್ರ ಸ್ತೋತ್ರವನ್ನು ಅವರ ಊರಿನಲ್ಲಿಯೇ ಪಠಿಸಿ ಮುಂದಕ್ಕೆ ಸಾಗುವುದು ಶ್ರದ್ಧಾಳುಗಳ ಕ್ರಮ.

ಆದರೆ ವಸ್ತಿಯೆಂಬ ಮಾತಿನ ಪೂರ್ಣಾರ್ಥ ತಿಳಿಯಬೇಕಾದರೆ ಮಾನವಿಯ ದಾರಿಯನ್ನು ಹಿಡಿಯಬೇಕು. ರಾಯಚೂರಿನಿಂದ ಸುಮಾರು 45 ಕಿಲೋಮೀಟರು. ಎಂದರೆ ಒಂಬತ್ತು ಹರದಾರಿ. ಬೆಳಗಿನ ಜಾವಕ್ಕೆ ಹೂಡಿದ ಬಂಡಿ ಮಾನವಿಯನ್ನು ಒಂದೇ ಹಗಲಿನಲ್ಲಿ ಮುಟ್ಟುವುದು ಎತ್ತಿಗೂ ಕಷ್ಟ, ಎತ್ತಿನೊಡೆಯನಿಗೂ ಸಂಕಟ. ನಡುದಾರಿಯಲ್ಲಿ ಮಹಾಲಕ್ಷ್ಮಿಯ ಗುಡಿಯಿಂದ ಪ್ರಸಿದ್ಧವಾದ ಕಲ್ಲೂರು ಇದೆ. ಅದಕ್ಕೂ ಮುಂದೆ ಎಲ್ಲಮ್ಮನ ಜಾತ್ರೆಯ ನೀರಮಾನವಿ. ನಡುವಿನ ಕಲ್ಲೂರಿನಲ್ಲಿ ಕೊರಳು ಬಿಚ್ಚಿ, ಎತ್ತಿಗೆ ಸೊಪ್ಪೆ ಹಾಕಿ, ತಾವು ಬುತ್ತಿ ಬಿಚ್ಚಿ, ಇಳಿಹೊತ್ತಿಗೆ ಮತ್ತೆ ಹೂಡಿದರೆ ಮಾನವಿಯ ದೀಪಗಳು ಕಾಣುವುದು ಇರುಳು ಬಲಿತ ಮೇಲೆಯೇ.

ಕರ್ನಾಟಕದ ಹರಿದಾಸ ಪರಂಪರೆಯ ಎರಡನೆಯ ಹುಟ್ಟು ಆದುದು ಈ ಯರಿಭೂಮಿಯಲ್ಲಿ. ಪುರಂದರದಾಸರ ಕಾಲದ ಬಳಿಕ ತೆಳುವಾಗಿದ್ದ ಪ್ರವಾಹಕ್ಕೆ ಹೊಸ ನೀರನ್ನು ತಂದ ವಿಜಯದಾಸರು (1682–1755) ಮಾನವಿ ಸೀಮೆಯ ಚೀಕಲಪರ್ವಿಯವರು; ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು; ಅವರಿಂದ ದೀಕ್ಷೆ ಹೊಂದಿದ ಜಗನ್ನಾಥದಾಸರು (1728–1809) ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆಸಿದವರು. ಒಂದು ಎತ್ತಿನ ಬಂಡಿ ನಾಲ್ಕು ದಿನದಲ್ಲಿ ಸುತ್ತಿ ಬರಬಹುದಾದ ನೆಲದೊಳಗೆ ಮೂರು ತಲೆಮಾರಿನ ಮೂವರು ಮಹನೀಯರು!

ಜಗನ್ನಾಥದಾಸರ ಐತಿಹ್ಯವೇ ಒಂದು ಪಯಣದ ಕಥೆ. ಶ್ರೀನಿವಾಸಾಚಾರ್ಯರೆಂಬ ಹೆಸರಿನ ಉದ್ದಾಮ ಸಂಸ್ಕೃತ ಪಂಡಿತರಾಗಿದ್ದ ಅವರು, ಕನ್ನಡದಲ್ಲಿ ಹಾಡುವ ದಾಸರನ್ನು ಲಘುವಾಗಿ ಕಂಡು, ಮಾನವಿಗೆ ಬಂದಿದ್ದ ವಿಜಯದಾಸರ ಪಂಕ್ತಿಗೆ ಕರೆ ಬಂದಾಗ ಹೊಟ್ಟೆನೋವೆಂಬ ನೆವ ಹೇಳಿ ಹೋಗದೆ ಉಳಿದರಂತೆ. ನೆವವಾಗಿ ನುಡಿದ ನೋವು ನಿಜವಾಗಿ ಬಂದು ಕಾಡಿತು. ಮದ್ದು ಮುಲಾಮುಗಳು ಸೋತ ಮೇಲೆ ಅವರು ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ಅಲ್ಲಿ ಆದ ಸೂಚನೆಯಂತೆ ವಿಜಯದಾಸರನ್ನೇ ಮರೆಹೊಕ್ಕರು. ಅವರು ಗೋಪಾಲದಾಸರೆಡೆಗೆ ಕಳುಹಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ತಿನ್ನಿಸಿ ನೋವನ್ನು ಕಳೆದರೆಂದು ಪರಂಪರೆ ಹೇಳುತ್ತದೆ. ಮನೆಯಿಂದ ಹೊರಡುವಾಗ ಸಂಸ್ಕೃತದ ಪಂಡಿತ. ಮರಳಿದಾಗ ಕನ್ನಡದ ದಾಸ. ಭಾಮಿನಿ ಷಟ್ಪದಿಯ 32 ಸಂಧಿಗಳಲ್ಲಿ ಮಧ್ವಶಾಸ್ತ್ರದ ಸಾರವನ್ನೆಲ್ಲ ತಿಳಿಗನ್ನಡದ ಪಾತ್ರೆಗೆ ಇಳಿಸಿದ ‘ಹರಿಕಥಾಮೃತಸಾರ’ ಆ ಮರಳಿಕೆಯ ಫಲ. ಕಥೆಯ ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಆದರೆ ಆ ಕಾವ್ಯವಂತೂ ನಮ್ಮ ಕಣ್ಣೆದುರಿಗಿದೆ, ಆ ಪಂಡಿತನನ್ನು ದಾಸನನ್ನಾಗಿ ಮಾಡಿದ ರೊಟ್ಟಿಯ ಜೋಳ ಇಂದಿಗೂ ಆ ಹೊಲಗಳಲ್ಲಿ ಬೆಳೆಯುತ್ತದೆ.

ಮಾನವಿಯಲ್ಲಿ ಅವರು ಬಾಳಿದ ಮನೆಯೇ ಈಗ ಗುಡಿ. ಅಲ್ಲಿ ವಿಗ್ರಹಕ್ಕಿಂತ ಹೆಚ್ಚಾಗಿ ಪೂಜೆಗೊಳ್ಳುವುದು ಒಂದು ಕಂಬ. ದಾಸರು ಅದರಲ್ಲಿ ಸನ್ನಿಹಿತರಾಗಿದ್ದಾರೆಂಬುದು ಭಕ್ತರ ಭಾವನೆ. ಭಾದ್ರಪದ ಶುದ್ಧ ನವಮಿಯ ಆರಾಧನೆಗೆ ಹಿಂದಿನ ದಿನದ ಸಂಜೆಯೇ ಬಂದು ಸೇರಿದ ಜನ ಜಗುಲಿಯ ಮೇಲೆ, ಅಂಗಳದಲ್ಲಿ, ನೆರೆಮನೆಗಳ ಪಡಸಾಲೆಯಲ್ಲಿ ಹಾಸಿಕೊಂಡು ಮಲಗುವರು. ನಾನು ಚಿಕ್ಕವನಾಗಿದ್ದಾಗ ಅಂಥ ಒಂದು ರಾತ್ರಿ ಅಜ್ಜಿಯ ಸೆರಗಿನ ತುದಿಯನ್ನು ಹಿಡಿದು ಅಲ್ಲಿ ಮಲಗಿದ್ದೆ. ನಡುರಾತ್ರಿಯಲ್ಲಿ ಎಚ್ಚರವಾದಾಗ ಕಂಬದ ಬಳಿ ಒಂದೇ ಒಂದು ಎಣ್ಣೆದೀಪ. ಮುದುಕರೊಬ್ಬರು ತಂಬೂರಿಯ ಒಂದು ತಂತಿಯನ್ನು ಮಾತ್ರ ಮೀಟುತ್ತ, ಮಲಗಿದವರಿಗೆ ಎಚ್ಚರವಾಗದಂತೆ ಮೆಲುದನಿಯಲ್ಲಿ ಸುಳಾದಿಯೊಂದನ್ನು ಹೇಳಿಕೊಳ್ಳುತ್ತಿದ್ದರು. ಮರುದಿನದ ಮೆರವಣಿಗೆ, ಭಜನೆ, ಪಂಕ್ತಿಭೋಜನ ಯಾವುದೂ ನನ್ನ ನೆನಪಿನಲ್ಲಿ ಉಳಿದಿಲ್ಲ. ಆ ಒಂದು ತಂತಿಯ ದನಿ ಉಳಿದಿದೆ. ಹಗಲಿನಲ್ಲಿ ಬಂದು ಹಗಲಿನಲ್ಲಿಯೇ ಮರಳಿದ್ದರೆ ಅದು ನನಗೆ ದಕ್ಕುತ್ತಿರಲಿಲ್ಲ.

ದೇವದುರ್ಗದ ದಾರಿ ಇಷ್ಟು ಜನನಿಬಿಡವಲ್ಲ; ಅದರ ಸೊಬಗು ಬೇರೆ ತೆರನಾದುದು. ಆ ದಾರಿಯಲ್ಲಿ ಮೊದಲು ಸಿಕ್ಕುವ ಗಬ್ಬೂರು ಹಿಂದೊಮ್ಮೆ ಗೋಪುರಗ್ರಾಮವೆನಿಸಿ ವಿದ್ಯಾಕೇಂದ್ರವಾಗಿದ್ದ ಊರು. ಮಳೆಶಂಕರ, ವೆಂಕಟೇಶ್ವರ, ಬಂಗಾರ ಬಸಪ್ಪ ಮೊದಲಾದ ಗುಡಿಗಳೂ ಶಾಸನಗಳೂ ಅಲ್ಲಿ ಹಲವು. ಒಂದು ಕಾಲದಲ್ಲಿ ವಟುಗಳು ವೇದ ಹೇಳಿದ ಪಡಸಾಲೆಗಳಲ್ಲಿ ಈಗ ಕುರಿಗಳು ಮಧ್ಯಾಹ್ನದ ನೆರಳಿಗೆ ಬಂದು ಮಲಗುವುದುಂಟು. ಮುಂದೆ ಬೇಡ ನಾಯಕರ ಪಾಳೆಯಪಟ್ಟಾಗಿದ್ದ ದೇವದುರ್ಗ. ಅಲ್ಲಿಂದಾಚೆ ಕೃಷ್ಣೆಯನ್ನು ದಾಟಿದರೆ ಸುರಪುರ ಸೀಮೆಯ ತಿಂಥಣಿಯ ಮೌನೇಶ್ವರ. ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಆ ಗದ್ದುಗೆಯ ಜಾತ್ರೆಗೆ ಹೋಗುವವರು ದೇವದುರ್ಗದಲ್ಲಿ ಒಂದು ವಸ್ತಿ, ಹೊಳೆಯ ದಡದಲ್ಲಿ ಒಂದು ವಸ್ತಿ ಮಾಡುವುದು ವಾಡಿಕೆ. ಮೊಹರಮ್ಮಿಗೆ ಮುದಗಲ್ಲಿನ ಹುಸೇನಿ ಆಲಮನ್ನು ಕಾಣಲು ಹೋಗುವವರ ಬುತ್ತಿಯೂ ಇದೇ ತೆರನಾದುದು. ಜಾತಿಮತಗಳ ಅಂತರವನ್ನು ಕುರಿತು ಎಷ್ಟೋ ಉಪನ್ಯಾಸಗಳು ಕಲಿಸಲಾರದ ಪಾಠವನ್ನು ಒಂದೇ ಮರದ ಕೆಳಗೆ ಅಡ್ಡಾದ ನಾಲ್ಕು ಬಂಡಿಗಳ ಜನ ಉಪ್ಪಿನಕಾಯಿಯನ್ನು ಹಂಚಿಕೊಳ್ಳುವಾಗ ಕಲಿತಿದ್ದಾರೆ.

ಬಂಡಿಯ ಈ ಜಗತ್ತನ್ನು ಮೊದಲು ಅಲುಗಿಸಿದುದು ರೈಲು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನ ಕಡೆಯಿಂದ ಬಂದ ಮದರಾಸು ರೈಲ್ವೆಯ ಹಳಿಯೂ 1871ರಲ್ಲಿ ಕೂಡಿಕೊಂಡುದು ರಾಯಚೂರಿನಲ್ಲಿ. ಹತ್ತಿ, ಶೇಂಗಾ, ಗಿರಣಿ, ದಲಾಲಿಗಳ ಪೇಟೆ ಕೋಟೆಯ ಹೊರಗೆ ಹಬ್ಬಿತು. ಎರಡು ಮಹಾಪಟ್ಟಣಗಳ ನಡುವಣ ದೊಡ್ಡ ದಾರಿಯ ಮೇಲೆ ಊರು ಎದ್ದು ನಿಂತಿತು. ಹರಿಗೋಲಿಗೆ ಕಾದು ಕುಳಿತುಕೊಳ್ಳಬೇಕಾಗಿದ್ದ ಕೃಷ್ಣೆಯನ್ನು ಉಗಿಬಂಡಿ ಕೆಲವೇ ನಿಮಿಷಗಳಲ್ಲಿ ದಾಟಿಸಿತು. ಆದರೆ ಆ ಹಳಿ ದೇವದುರ್ಗದ ಕಡೆಗಾಗಲಿ ಮಾನವಿಯ ಕಡೆಗಾಗಲಿ ತಿರುಗಲಿಲ್ಲ. ರಾಯಚೂರಿನವನಿಗೆ ಮುಂಬಯಿ ಹತ್ತಿರವಾಯಿತು, ಮಾನವಿ ಇದ್ದಷ್ಟೇ ದೂರದಲ್ಲಿ ಉಳಿಯಿತು. ಈ ಎರಡು ದಾರಿಗಳಲ್ಲಿ ವಸ್ತಿಯ ಸಂಸ್ಕೃತಿ ಅಷ್ಟು ಕಾಲ ಬಾಳಿದುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಆಮೇಲೆ ಬಸ್ಸು ಬಂದಿತು. ಹೈದರಾಬಾದು ಸಂಸ್ಥಾನದಲ್ಲಿ ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ದೇವಸೂಗೂರಿನ ಬಳಿ ಕೃಷ್ಣೆಗೆ ಕಟ್ಟಿದ ಸಿರಾತ್–ಎ–ಜೂದಿ ಸೇತುವೆ 1943ರಲ್ಲಿ ಪೂರ್ಣಗೊಂಡು ಹೈದರಾಬಾದಿನ ಹೆದ್ದಾರಿಯನ್ನು ಹೊಳೆಯ ಮೇಲೆ ಹಾಯಿಸಿತು. 1948ರಲ್ಲಿ ನಿಜಾಮರ ಆಳಿಕೆ ಮುಗಿದು, 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿಗೆ ಸೇರಿದ ಮೇಲೆ ಬಸ್ಸುಗಳ ಹಣೆಯ ಮೇಲೆ ಊರ ಹೆಸರುಗಳು ಕನ್ನಡದಲ್ಲಿ ಮೂಡಿದವು. ಎತ್ತು ಮಾಡುತ್ತಿದ್ದ ವಸ್ತಿಯನ್ನು ಈಗ ಬಸ್ಸೇ ಮಾಡತೊಡಗಿತು. ಚಾಲಕ ನಿರ್ವಾಹಕರು ಹಳ್ಳಿಯ ಕಟ್ಟೆಯ ಮೇಲೆ ಮಲಗುವರು. ಊರಿನವರು ಸರದಿಯಂತೆ ಅವರಿಗೆ ರೊಟ್ಟಿ ಪಲ್ಯ ತಂದುಕೊಡುವರು. ದೂರದೂರಿನಿಂದ ಬಂದು ಇರುಳು ತಂಗಿದವನು ಅತಿಥಿಯೆಂಬ ಹಳೆಯ ಧರ್ಮ ಯಂತ್ರದ ಗಾಡಿಗೂ ಹೀಗೆ ಅನ್ವಯವಾದುದನ್ನು ಕಂಡಾಗ ನಮ್ಮ ಜನದ ವಿಷಯದಲ್ಲಿ ಗೌರವ ಹುಟ್ಟದೆ ಇರದು.

ಭೂಮಿಯ ಮುಖವೂ ಬದಲಾಯಿತು. ತುಂಗಭದ್ರಾ ಎಡದಂಡೆಯ ಕಾಲುವೆ ಮಾನವಿಯ ಸೀಮೆಗೂ, ಬಹಳ ತಡವಾಗಿ ನಾರಾಯಣಪುರದ ಬಲದಂಡೆಯ ಕಾಲುವೆ ದೇವದುರ್ಗದ ಸೀಮೆಗೂ ನೀರನ್ನು ತಂದವು. ಬರಗಾಲದ ಹೆಸರಿನೊಡನೆ ಬೆರೆತುಹೋಗಿದ್ದ ನೆಲದಲ್ಲಿ ಹಸಿರು ಗದ್ದೆಗಳು ಹಾಸಿಕೊಂಡುವು. ಕರಾವಳಿ ಆಂಧ್ರದಿಂದ ಬಂದ ಒಕ್ಕಲುಗಳ ಕ್ಯಾಂಪುಗಳು ಎದ್ದವು. ಇದು ಬಡವನ ಹೊಟ್ಟೆ ತುಂಬಿಸಿದ ಬದಲಾವಣೆಯಾದುದರಿಂದ ಅದನ್ನು ಹಳಿಯುವುದು ಕೃತಘ್ನತೆ. ಆದರೂ ಕೆಸರುಗದ್ದೆಯಲ್ಲಿ ಚರಗ ಚೆಲ್ಲಲು ದಾರಿಯೆಲ್ಲಿ? ಬದುವಿನ ಮೇಲೆ ನಿಂತು ಚೆಲ್ಲುವರು. ಪಾಂಡವರ ಐದು ಕಲ್ಲುಗಳು ಬೇವಿನ ಮರದ ಬುಡಕ್ಕೆ ಸರಿದಿವೆ. ಉತ್ತರದ ದಾರಿಯಲ್ಲಿ ಸೂಗೂರೇಶ್ವರನ ಗೋಪುರಕ್ಕಿಂತ ಮೊದಲು ಕಾಣುವುದು 1985ರಲ್ಲಿ ಬೆಂಕಿ ಹೊತ್ತಿದ ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಗೊಳವೆ.

ಈಚಿನ ವರ್ಷಗಳಲ್ಲಿ ಸಂತೋಷ ಪಡಬೇಕಾದ ಸಂಗತಿಯೊಂದು ನಡೆದಿದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಹಣ ತೆರದೆ ಸಂಚರಿಸುವ ಏರ್ಪಾಡು ಬಂದ ಮೇಲೆ, ಎಳ್ಳಮಾವಾಸ್ಯೆಗಾಗಿ ವರ್ಷವೆಲ್ಲ ಕಾಯುತ್ತಿದ್ದವರ ಮೊಮ್ಮಕ್ಕಳು ಸೆರಗಿನಲ್ಲಿ ಆಧಾರ ಚೀಟಿಯನ್ನೂ ಚೀಲದಲ್ಲಿ ಬುತ್ತಿಯನ್ನೂ ಇಟ್ಟುಕೊಂಡು, ಯಾರ ಅಪ್ಪಣೆಗೂ ಕಾಯದೆ, ನಾಲ್ವರು ಗೆಳತಿಯರೊಡನೆ ಕಲ್ಲೂರಿಗೆ, ಪಂಚಮುಖಿಗೆ, ದೇವಸೂಗೂರಿಗೆ ಹೋಗಿಬರುತ್ತಿದ್ದಾರೆ. ಕೋಟೆಯ ದರವಾಜಗಳಲ್ಲಿ ಕೊನೆಯದೊಂದು ಈಗ ತೆರೆಯಿತೆಂದು ಹೇಳಬಹುದು.

ಕಳವಳ ಪಡಬೇಕಾದ ಸಂಗತಿಯೂ ಒಂದುಂಟು. ಗಾಡಿಯ ವೇಗ ಹೆಚ್ಚಿದಂತೆ ಇರುಳು ನಮ್ಮ ಪಯಣದಿಂದ ಬಿದ್ದುಹೋಗುತ್ತಿದೆ. ಮಾನವಿ ಈಗ ಒಂದು ಗಂಟೆಯ ದಾರಿ. ದೇವದುರ್ಗ ಅದಕ್ಕಿಂತ ತುಸು ಹೆಚ್ಚು. ಬೆಳಿಗ್ಗೆ ಹೊರಟವರು ಮೂರು ಗುಡಿ, ಒಂದು ಹೊಳೆ, ಒಂದು ಕೋಟೆ ಮುಗಿಸಿ ರಾತ್ರಿಯ ಊಟಕ್ಕೆ ಮನೆಯಲ್ಲಿರುತ್ತಾರೆ. ನೋಡಿದ ಎಡೆಗಳ ಸಂಖ್ಯೆ ಬೆಳೆಯಿತು. ಉಂಡ ಮನೆಗಳ ಸಂಖ್ಯೆ ಇಳಿಯಿತು. ಹರಕೆ ಹೊತ್ತವರು ಐದು ಅಮಾವಾಸ್ಯೆ ದೇವರ ಸನ್ನಿಧಿಯಲ್ಲಿ ವಸ್ತಿ ಮಾಡಬೇಕೆಂದು ಹಿರಿಯರು ವಿಧಿಸಿದುದು ಸುಮ್ಮನಲ್ಲ. ಹಗಲಿನಲ್ಲಿ ಬಂದವನು ನೋಡುವವನು. ಇರುಳು ಉಳಿದವನು ಸಂಬಂಧಿ.

ಕಳೆದ ಪುಷ್ಯಮಾಸದಲ್ಲಿ ನಾನು ದೇವದುರ್ಗದ ಕಡೆಯ ವಸ್ತಿ ಬಸ್ಸನ್ನು ಹತ್ತಿ, ಕಾಲುವೆಯ ನೀರು ಇನ್ನೂ ಏರದ ಒಂದು ದಿಬ್ಬದ ಹೊಲಕ್ಕೆ, ಹಳೆಯ ಸ್ನೇಹಿತರ ಮನೆಯವರ ಕರೆಯ ಮೇರೆಗೆ, ಸೀತನಿ ತಿನ್ನಲು ಹೋಗಿದ್ದೆ. ಇರುಳೆಲ್ಲ ಗುಡಿಸಲಿನಲ್ಲಿ ಕಂಬಳಿ ಹೊದ್ದು ಮಲಗಿ, ಮಂಜು ಇನ್ನೂ ಗರಿಯ ಮೇಲೆ ಕುಳಿತಿರುವಾಗಲೇ ಎದ್ದೆವು. ಮನೆಯ ಯಜಮಾನ ಮೊಣಕಾಲುದ್ದದ ಗುಂಡಿಯಲ್ಲಿ ಕುಳ್ಳಿನ ಕೆಂಡ ಮಾಡಿ, ಹಾಲು ತುಂಬಿ ಆಗತಾನೆ ಕಾಳು ಬಲಿಯುತ್ತಿದ್ದ ಜೋಳದ ತೆನೆಗಳನ್ನು ಕಾವುಸಹಿತ ಮುರಿದು ತಂದು ಬೂದಿಯಲ್ಲಿ ಹುಗಿದ. ನಾಲ್ಕಾರು ನಿಮಿಷಕ್ಕೆ ಹೊರತೆಗೆದು, ಕಂಬಳಿಯ ಮೇಲೆ ಹಾಕಿ, ಅಂಗೈಯಿಂದ ತಿಕ್ಕಿ ಊದಿದಾಗ ಹೊಟ್ಟು ಹಾರಿ ಪಚ್ಚೆಯ ಬಣ್ಣದ ಕಾಳು ಉಳಿಯಿತು. ಅದರೊಡನೆ ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ. ಹದಿನೈದಿಪ್ಪತ್ತು ದಿನಗಳಷ್ಟೇ ಈ ಭಾಗ್ಯ; ತೆನೆ ಬಲಿತರೆ ಅದು ಬರಿಯ ಜೋಳ.

ಪಟ್ಟಣದಲ್ಲಿರುವ ಮೊಮ್ಮಗಳಿಗಾಗಿ ಒಂದು ಹಿಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳಹೋದೆ. ಮನೆಯೊಡತಿ ನನ್ನ ಕೈಯನ್ನು ತಡೆದಳು. ‘ಆರಿದ್ರ ಬಿರುಸಾಗತೈತ್ರೀ, ಸೀ ಇರಂಗಿಲ್ಲ. ಕೂಸಿನ್ನ ಕರಕೊಂಡ ಬರ್ರಿ, ಒಂದು ವಸ್ತಿ ಇದ್ದು ಹೋಗ್ರಿ’ ಎಂದಳು. ಕಟ್ಟೆಯ ಮುಂದೆ ಬಸ್ಸಿನ ತುತ್ತೂರಿ ಕೂಗಿತು; ಹಾಲಿನ ಕ್ಯಾನುಗಳನ್ನೂ ಮೆಂತ್ಯದ ಸಿವುಡುಗಳನ್ನೂ ಏರಿಸುತ್ತಿದ್ದರು. ಬರಿಗೈಯಲ್ಲಿ ಹತ್ತಿ ಕುಳಿತೆ. ಅಂಗೈಯಲ್ಲಿ ಮಾತ್ರ ಬೂದಿಯ ವಾಸನೆ ರಾಯಚೂರಿನವರೆಗೂ ಇತ್ತು.